ತುಮಕೂರಿನ ಮೇಡಂ ಕ್ಲಾಸ್: ಆಂಟಿಬಾಡಿ ಕ್ಲಾಸ್ ಸ್ವಿಚಿಂಗ್ ಉರು ಹೊಡೆಯದೆ ಕಲಿಯಬೇಕು ಅನ್ನುವವರಿಗೆ

ಲೈಫ್ ಸೈನ್ಸ್‌ನಲ್ಲಿ ನೆಟ್, ಕೆ-ಸೆಟ್, ಗೇಟ್ ಬರೆಯುವವರಿಗೆ ತುಮಕೂರಿನಲ್ಲಿ ಇಮ್ಯುನಾಲಜಿ (ರೋಗನಿರೋಧಕ ಶಕ್ತಿಯ ವಿಜ್ಞಾನ) ಹೇಳಿಕೊಡುವವರು ಯಾರಿದ್ದಾರೆ ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಪೂರ್ತಿ ಬರೆದುಬಿಡುತ್ತೇನೆ. ಎಸ್.ಎಸ್. ಪುರಂನಲ್ಲಿ ಭಾನುವಾರ ನಡೆಯುವ ಮೇಡಂ ಕ್ಲಾಸಿಗೆ ಸೇರಿಕೊಳ್ಳಿ. ಕೊರತೆಗಳಿವೆ, ಅವನ್ನೂ ಹೇಳುತ್ತೇನೆ. ಆದರೆ ಇಮ್ಯುನಾಲಜಿಯಲ್ಲಿ ಎಲ್ಲರೂ ಉರು ಹೊಡೆದು ದಾಟುವ ಭಾಗ ಒಂದಿದೆಯಲ್ಲ, ಆಂಟಿಬಾಡಿ ತಯಾರಿಸುವ ಬಿ ಕೋಶ ಐಜಿಎಂ ಅನ್ನುವ ಬಗೆ ಬಿಟ್ಟು ಐಜಿಜಿಗೋ ಐಜಿಎಗೋ ಐಜಿಇಗೋ ಬದಲಾಗುವುದು, ಆ ಒಂದು ಭಾಗವನ್ನು ಅವರು ಹೇಳಿಕೊಡುವ ರೀತಿಗೇ ಕೊಟ್ಟ ದುಡ್ಡು ವಸೂಲು.

ಈ ಕ್ಲಾಸಿಗೆ ಬೋರ್ಡ್ ಇಲ್ಲ, ಜಾಹೀರಾತಿಲ್ಲ. ನಿವೃತ್ತರಾದ ಲೆಕ್ಚರರ್ ಒಬ್ಬರು ತಮ್ಮ ಮನೆಯ ಮಹಡಿಯಲ್ಲಿ ನಡೆಸುತ್ತಾರೆ. ಎಲ್ಲರೂ ಮೇಡಂ ಕ್ಲಾಸ್ ಅಂತಲೇ ಕರೆಯುವುದು. ಒಂದು ವೈಟ್ ಬೋರ್ಡ್, ಪ್ಲಾಸ್ಟಿಕ್ ಕುರ್ಚಿಗಳು, ಎರಡು ಫ್ಯಾನ್. ಬೆಳಿಗ್ಗೆ 10ಕ್ಕೆ ಶುರುವಾಗಿ ಮಧ್ಯಾಹ್ನ 1ರವರೆಗೆ, ಮಧ್ಯೆ ಒಂದು ಟೀ. ಗುಬ್ಬಿ, ಶಿರಾ, ಕೊರಟಗೆರೆ, ಮಧುಗಿರಿ ಕಡೆಯಿಂದಲೂ ಬರುತ್ತಾರೆ. ಇಡೀ ಇಮ್ಯುನಾಲಜಿಗೆ 4,000 ರೂಪಾಯಿ, ಎರಡು ಕಂತಿನಲ್ಲಿ ಕೊಡಬಹುದು. ಬೆಂಗಳೂರಿಗೆ ವಾರ ವಾರ ರೈಲಿನಲ್ಲಿ ಓಡಾಡಿ ಕೋಚಿಂಗ್ ತೆಗೆದುಕೊಳ್ಳುವುದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ನಾನು ಇದಕ್ಕೆ ಮೊದಲು ಒಂದು ಆನ್‌ಲೈನ್ ಕೋರ್ಸ್ ತೆಗೆದುಕೊಂಡಿದ್ದೆ. ಹೆಸರು ಬೇಡ. ಅಲ್ಲಿ ಕ್ಲಾಸ್ ಸ್ವಿಚಿಂಗ್ ಅಂದರೆ ಒಂದು ಟೇಬಲ್. ಎಡಗಡೆ ಸೈಟೊಕೈನ್ (ಕೋಶಗಳು ಒಂದಕ್ಕೊಂದು ಸಂಕೇತ ಕೊಡಲು ಬಿಡುವ ಪ್ರೋಟೀನ್), ಬಲಗಡೆ ಆಂಟಿಬಾಡಿ. ಇಂಟರ್‌ಲ್ಯೂಕಿನ್-4 ಎದುರಿಗೆ ಐಜಿಇ, ಇಂಟರ್‌ಫೆರಾನ್ ಗಾಮಾ ಎದುರಿಗೆ ಐಜಿಜಿ2ಎ, ಟಿಜಿಎಫ್-ಬೀಟಾ ಎದುರಿಗೆ ಐಜಿಎ. ಇಷ್ಟು ನೆನಪಿಟ್ಟುಕೊಳ್ಳಿ, ಒಂದು ಪ್ರಶ್ನೆ ಗ್ಯಾರಂಟಿ, ಮುಂದಿನ ಸ್ಲೈಡ್. ಆ ಟೇಬಲ್ ಇಲಿಯದ್ದೋ ಮನುಷ್ಯರದ್ದೋ ಅಂತಲೂ ಹೇಳಲಿಲ್ಲ. ಐಜಿಜಿ2ಎ ಅನ್ನುವ ಆಂಟಿಬಾಡಿ ಮನುಷ್ಯರಲ್ಲಿ ಇಲ್ಲವೇ ಇಲ್ಲ, ನಮ್ಮಲ್ಲಿರುವುದು ಐಜಿಜಿ1, 2, 3, 4. ಇದನ್ನು ಹೇಳದೆ ಟೇಬಲ್ ಕೊಟ್ಟರೆ ಪರೀಕ್ಷೆಯಲ್ಲಿ ಮಾತ್ರ ಅಲ್ಲ, ಮುಂದೆ ಪಿಎಚ್‌ಡಿಗೆ ಸೇರಿದರೂ ಆ ಗೊಂದಲ ಹಾಗೇ ಉಳಿಯುತ್ತದೆ.

ಮೇಡಂ ಟೇಬಲ್‌ನಿಂದ ಶುರು ಮಾಡುವುದೇ ಇಲ್ಲ. ಬೋರ್ಡ್ ಮೇಲೆ ಒಂದು ಆಂಟಿಬಾಡಿ ಬರೆದು ಕೇಳಿದ ಮೊದಲ ಪ್ರಶ್ನೆ, ಇದರಲ್ಲಿ ಬದಲಾಗುವುದು ಯಾವುದು, ಬದಲಾಗದೆ ಉಳಿಯುವುದು ಯಾವುದು? ರೋಗಾಣುವನ್ನು ಹಿಡಿಯುವ ತುದಿ, ಅಂದರೆ ವಿ ಭಾಗ, ಹಾಗೇ ಉಳಿಯುತ್ತದೆ. ಬದಲಾಗುವುದು ಭಾರದ ಸರಪಳಿಯ (ಹೆವಿ ಚೈನ್) ಸ್ಥಿರ ಭಾಗ. ಹಿಡಿಯುವ ಗುರಿ ಅದೇ, ಹಿಡಿದ ಮೇಲೆ ಮಾಡುವ ಕೆಲಸ ಬೇರೆ. ಐಜಿಎಂ ಐದು ತುಂಡು ಸೇರಿದ ದೊಡ್ಡ ಅಣು, ಹೆಚ್ಚಾಗಿ ರಕ್ತದಲ್ಲೇ ಇರುತ್ತದೆ. ಐಜಿಜಿ ಚಿಕ್ಕದು, ಅಂಗಾಂಶಗಳಿಗೆ ನುಗ್ಗುತ್ತದೆ, ಎಫ್‌ಸಿಆರ್‌ಎನ್ ಅನ್ನುವ ರಿಸೆಪ್ಟರ್ ಹಿಡಿದು ಮಾಸು ದಾಟಿ ಮಗುವಿಗೂ ಹೋಗುತ್ತದೆ, ಅದರ ಅರ್ಧಾಯುಷ್ಯ ಸುಮಾರು 21 ದಿನ. ಐಜಿಎ ಕರುಳು, ಮೂಗು, ಎದೆಹಾಲಿನಲ್ಲಿ. ಹುಳುಗಳ ವಿರುದ್ಧವೂ ಅಲರ್ಜಿಯಲ್ಲೂ ಬರುವ ಐಜಿಇ ಮಾಸ್ಟ್ ಕೋಶದ ಮೇಲೆ ಹೋಗಿ ಕೂರುತ್ತದೆ. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಆದರೆ ಇಲ್ಲಿಂದ ಅವರು ಹೋದ ದಾರಿ ಬೇರೆ.

"ಬಿ ಕೋಶಕ್ಕೆ ಕರುಳಿನಲ್ಲಿ ಹುಳು ಇದೆ ಅಂತ ಹೇಗೆ ಗೊತ್ತಾಯ್ತಮ್ಮ? ಯಾರು ಹೇಳಿದ್ದು ಅದಕ್ಕೆ?"

ಈ "ಯಾರು ಹೇಳಿದ್ದು" ಅನ್ನುವುದೇ ಅವರ ಇಡೀ ಪಾಠ. ಪ್ರತಿ ಹಂತದಲ್ಲೂ ನಿಲ್ಲಿಸಿ ಕೇಳುತ್ತಾರೆ. ಬಿ ಕೋಶ ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ಅದರ ಹತ್ತಿರ ಬಂದ ಟಿ ಕೋಶ, ಡೆಂಡ್ರೈಟಿಕ್ ಕೋಶ (ಎರಡೂ ರೋಗನಿರೋಧಕ ಕೋಶಗಳೇ), ಸುತ್ತಲಿನ ಅಂಗಾಂಶ ಯಾವ ಸಂಕೇತ ಕೊಟ್ಟವು ಅನ್ನುವುದರ ಮೇಲೆ ಅದು ಯಾವ ಕ್ಲಾಸಿಗೆ ಹೋಗುತ್ತದೆ ಅನ್ನುವುದು ನಿಂತಿದೆ.

ಆಮೇಲೆ ಜೀನ್‌ಗಳ ಸಾಲು ಬರೆದರು. ಮನುಷ್ಯರಲ್ಲಿ 14ನೇ ಕ್ರೋಮೋಸೋಮ್‌ನಲ್ಲಿ ಸ್ಥಿರ ಭಾಗದ ಜೀನ್‌ಗಳು ಸಾಲಾಗಿವೆ: ಮ್ಯೂ, ಡೆಲ್ಟಾ, ಗಾಮಾ3, ಗಾಮಾ1, ಆಲ್ಫಾ1, ಗಾಮಾ2, ಗಾಮಾ4, ಎಪ್ಸಿಲಾನ್, ಆಲ್ಫಾ2. ಮ್ಯೂ ಅಂದರೆ ಐಜಿಎಂ, ಡೆಲ್ಟಾ ಐಜಿಡಿ, ಗಾಮಾ ಐಜಿಜಿ, ಆಲ್ಫಾ ಐಜಿಎ, ಎಪ್ಸಿಲಾನ್ ಐಜಿಇ. ಇದನ್ನು ಅರಸೀಕೆರೆ ಕಡೆ ಹೋಗುವ ರೈಲಿಗೆ ಹೋಲಿಸಿದರು. ತುಮಕೂರು ಬಿಟ್ಟರೆ ಗುಬ್ಬಿಯಲ್ಲಿ ಇಳಿಯಬಹುದು, ನೇರ ತಿಪಟೂರಿಗೂ ಹೋಗಬಹುದು, ಗುಬ್ಬಿಯಲ್ಲಿ ಇಳಿದು ಆಮೇಲೆ ಇನ್ನೊಂದು ರೈಲು ಹಿಡಿದು ತಿಪಟೂರಿಗೂ ಹೋಗಬಹುದು. ಆದರೆ ದಾಟಿ ಬಂದ ಹಳಿಯನ್ನು ಹಿಂದೆಯೇ ಕಿತ್ತುಹಾಕುತ್ತಾರೆ, ವಾಪಸ್ ಬರುವ ಹಾಗಿಲ್ಲ. ನಡುವಿನ ಡಿಎನ್‌ಎ ತುಂಡಾಗಿ ಒಂದು ಉಂಗುರವಾಗಿ ಬೇರೆಯಾಗುತ್ತದೆ. ಅದಕ್ಕೇ ಐಜಿಜಿ1 ಆದ ಕೋಶ ಐಜಿಇ ಆಗಬಹುದು, ಐಜಿಇ ಆದದ್ದು ಮತ್ತೆ ಐಜಿಜಿ1 ಆಗುವುದಿಲ್ಲ. ನನ್ನ ಪಕ್ಕ ಕೂತಿದ್ದ ಗುಬ್ಬಿಯ ಹುಡುಗ ಆವತ್ತಿನಿಂದ ಈ ಸಾಲನ್ನು ತಪ್ಪಿಲ್ಲದೆ ಹೇಳುತ್ತಾನೆ. ಐಜಿಡಿ ಮಾತ್ರ ಬೇರೆ ಲೆಕ್ಕ. ಅದು ಸಾಮಾನ್ಯವಾಗಿ ಡಿಎನ್‌ಎ ಕತ್ತರಿಸಿ ಬರುವುದಲ್ಲ, ಒಂದೇ ಆರ್‌ಎನ್‌ಎಯನ್ನು ಬೇರೆ ರೀತಿ ಜೋಡಿಸಿದಾಗ ಐಜಿಎಂ ಜೊತೆಗೇ ಬರುವುದು. ಇದನ್ನು ನಾಲ್ಕು ಮಾತಿನಲ್ಲಿ ಮುಗಿಸಿದರು, ಅಷ್ಟೇ ಸಾಕು ಕೂಡ.

ಈಗ ಸಂಕೇತಗಳ ವಿಷಯ. ಈ ಭಾಗಕ್ಕೆ ಇಡೀ ಒಂದು ಭಾನುವಾರ ತೆಗೆದುಕೊಂಡರು, ಒಂದು ನಿಮಿಷವೂ ಜಾಸ್ತಿ ಅನ್ನಿಸಲಿಲ್ಲ.

ಅವರು ಹೇಳಿದ್ದು ಇಷ್ಟು. ಸ್ವಿಚ್ ಆಗಲು ಎರಡು ಬೇರೆ ಬೇರೆ ಸಂಕೇತ ಬೇಕು, ಎರಡಕ್ಕೂ ಕೆಲಸ ಬೇರೆ. ಮೊದಲನೆಯದು ಟಿ ಕೋಶದ ಮೈಮೇಲಿರುವ ಸಿಡಿ40 ಲೈಗ್ಯಾಂಡ್ ಅನ್ನುವ ಪ್ರೋಟೀನ್ ಬಿ ಕೋಶದ ಸಿಡಿ40 ರಿಸೆಪ್ಟರನ್ನು ಮುಟ್ಟುವುದು. ಮುಟ್ಟಿದ ಕೂಡಲೇ ಒಳಗೆ ಟ್ರಾಫ್ ಪ್ರೋಟೀನ್‌ಗಳು ಸೇರುತ್ತವೆ, ಎನ್‌ಎಫ್-ಕಪ್ಪಾಬಿ ಅನ್ನುವ, ಜೀನ್ ಆನ್ ಮಾಡುವ ಪ್ರೋಟೀನ್ ನ್ಯೂಕ್ಲಿಯಸ್‌ಗೆ ಹೋಗುತ್ತದೆ, ಎಐಡಿ ಅನ್ನುವ ಎಂಜೈಮ್‌ನ ಜೀನ್ ಆನ್ ಆಗುತ್ತದೆ. ಡಿಎನ್‌ಎಯ ಸೈಟೊಸಿನ್ ಅನ್ನು ಯುರಾಸಿಲ್ ಮಾಡುವುದು ಈ ಎಐಡಿ. ಇದಿಲ್ಲದೆ ಯಾವ ಕ್ಲಾಸಿಗೂ ಸ್ವಿಚ್ ಇಲ್ಲ. ಆದರೆ ಯಾವ ಕ್ಲಾಸಿಗೆ ಅನ್ನುವುದು ಎಐಡಿಗೆ ಗೊತ್ತಿಲ್ಲ.

ಅದನ್ನು ಹೇಳುವುದು ಎರಡನೆಯ ಸಂಕೇತ, ಸೈಟೊಕೈನ್. ಇಂಟರ್‌ಲ್ಯೂಕಿನ್-4 ಬಂದರೆ ಸ್ಟ್ಯಾಟ್6 ಅನ್ನುವ ಪ್ರೋಟೀನ್ ಎಚ್ಚರವಾಗುತ್ತದೆ. ಅದು ಹೋಗಿ ಎಪ್ಸಿಲಾನ್ ಜೀನ್‌ನ ಮುಂದಿರುವ ಪ್ರೊಮೋಟರ್, ಅಂದರೆ ಜೀನ್ ಓದಲು ಶುರು ಮಾಡುವ ಜಾಗದ ಮೇಲೆ ಕೂರುತ್ತದೆ. ಆಗ ಅಲ್ಲಿಂದ ಒಂದು ಆರ್‌ಎನ್‌ಎ ಹುಟ್ಟುತ್ತದೆ. ಈ ಆರ್‌ಎನ್‌ಎಯಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಹಾಗಾದರೆ ಯಾಕೆ ಬೇಕು? ಮೇಡಂ ಇಲ್ಲಿ ತುಂಬಾ ಹೊತ್ತು ನಿಂತರು, ಉತ್ತರ ನಮ್ಮಿಂದಲೇ ಬರಬೇಕು ಅಂತ. ಎಐಡಿ ಕೆಲಸ ಮಾಡುವುದು ಒಂಟಿ ಎಳೆಯ ಡಿಎನ್‌ಎ ಮೇಲೆ. ಜೋಡಿ ಎಳೆ ಬಿಚ್ಚಿಕೊಳ್ಳದೆ ಅದಕ್ಕೆ ಏನೂ ಮಾಡಲಾಗದು. ಪ್ರತಿ ಸ್ಥಿರ ಜೀನ್‌ನ ಮುಂದೆಯೂ, ಡೆಲ್ಟಾ ಬಿಟ್ಟು, ಸ್ವಿಚ್ ಪ್ರದೇಶ ಅಂತ ಒಂದು ಉದ್ದದ ಭಾಗ ಇದೆ, ಅದರಲ್ಲಿ ಒಂದು ಎಳೆಯ ತುಂಬಾ ಗ್ವಾನಿನ್. ಆ ಜಾಗದಲ್ಲಿ ಆರ್‌ಎನ್‌ಎ ಹುಟ್ಟುವಾಗ ಅದು ಡಿಎನ್‌ಎಯ ಒಂದು ಎಳೆಗೆ ಅಂಟಿಕೊಂಡು ಇನ್ನೊಂದು ಎಳೆಯನ್ನು ಹೊರಗೆ ಬಿಡುತ್ತದೆ. ಆರ್-ಲೂಪ್ ಅನ್ನುವುದು ಇದಕ್ಕೇ. ಎಐಡಿಗೆ ಬೇಕಾದದ್ದು ಸಿಕ್ಕಿತು. ಅಂದರೆ ಸೈಟೊಕೈನ್ ಮಾಡಿದ ಕೆಲಸ ಇಷ್ಟೇ: ಯಾವ ಸ್ವಿಚ್ ಪ್ರದೇಶ ಬಿಚ್ಚಿಕೊಳ್ಳಬೇಕು ಅಂತ ನಿರ್ಧರಿಸಿದ್ದು. ಇಂಟರ್‌ಲ್ಯೂಕಿನ್-4 ಇದ್ದಾಗ ಎಪ್ಸಿಲಾನ್, ಟಿಜಿಎಫ್-ಬೀಟಾ ಇದ್ದಾಗ ಸ್ಮ್ಯಾಡ್ ಪ್ರೋಟೀನ್‌ಗಳು ಮತ್ತು ರನ್‌ಎಕ್ಸ್3 ಸೇರಿ ಆಲ್ಫಾ, ಇಲಿಯಲ್ಲಿ ಇಂಟರ್‌ಫೆರಾನ್ ಗಾಮಾ ಇದ್ದಾಗ ಸ್ಟ್ಯಾಟ್1 ಮತ್ತು ಟಿ-ಬೆಟ್ ಮೂಲಕ ಗಾಮಾ2ಎ.

ಇದು ತಿಳಿದ ಮೇಲೆ ಆ ಟೇಬಲ್ ಉರು ಹೊಡೆಯುವ ಅಗತ್ಯವೇ ಇಲ್ಲ, ಅಲ್ವಾ? ಸೈಟೊಕೈನ್‌ನಿಂದ ಸ್ಟ್ಯಾಟ್, ಸ್ಟ್ಯಾಟ್‌ನಿಂದ ಪ್ರೊಮೋಟರ್, ಪ್ರೊಮೋಟರ್‌ನಿಂದ ಬಿಚ್ಚಿದ ಡಿಎನ್‌ಎ. ಯಾವ ಕೊಂಡಿ ಮುರಿದರೆ ಏನಾಗುತ್ತದೆ ಅಂತ ನಾವೇ ಹೇಳಬಹುದು. ನೆಟ್‌ನ ಪಾರ್ಟ್ ಸಿ ಪ್ರಶ್ನೆಗಳು ಕೇಳುವುದು ಇದನ್ನೇ. ಸ್ಟ್ಯಾಟ್6 ಇಲ್ಲದ ಇಲಿಯಲ್ಲಿ ಯಾವುದು ಕಡಿಮೆ? ಎಐಡಿ ಇಲ್ಲದ ಬಿ ಕೋಶಕ್ಕೆ ಇಂಟರ್‌ಲ್ಯೂಕಿನ್-4 ಹಾಕಿದರೆ ಎಪ್ಸಿಲಾನ್ ಆರ್‌ಎನ್‌ಎ ಬರುತ್ತದೋ ಇಲ್ಲವೋ? ಬರುತ್ತದೆ. ಸ್ವಿಚ್ ಮಾತ್ರ ಆಗುವುದಿಲ್ಲ. ಮೊದಲು ಇಂಥ ಪ್ರಶ್ನೆ ನೋಡಿದರೆ ಬಿಟ್ಟು ಮುಂದೆ ಹೋಗುತ್ತಿದ್ದ ನಮ್ಮ ಬ್ಯಾಚಿನವರು ಈಗ ಅದನ್ನೇ ಮೊದಲು ಬರೆಯುತ್ತಾರೆ.

ಕತ್ತರಿಸಿ ಜೋಡಿಸುವ ಭಾಗವನ್ನು ಸ್ವಲ್ಪ ಬೇಗ ಮುಗಿಸಿದರು. ಯುರಾಸಿಲ್ ಅನ್ನು ಯುಎನ್‌ಜಿ ಅನ್ನುವ ಎಂಜೈಮ್ ತೆಗೆಯುತ್ತದೆ, ಎಪಿಇ1 ಎಳೆ ಕತ್ತರಿಸುತ್ತದೆ, ಮಿಸ್‌ಮ್ಯಾಚ್ ರಿಪೇರಿಯ ಎಂಎಸ್‌ಎಚ್2, ಎಂಎಸ್‌ಎಚ್6 ಕೂಡ ಕೈ ಹಾಕುತ್ತವೆ, ಎರಡೂ ಎಳೆ ತುಂಡಾಗುತ್ತವೆ, ಕೂ ಪ್ರೋಟೀನ್‌ಗಳು, 53ಬಿಪಿ1, ಲೈಗೇಸ್4 ಸೇರಿ ತುದಿಗಳನ್ನು ಜೋಡಿಸುತ್ತವೆ. ರಿಪೇರಿ ಮೊದಲೇ ಓದಿದವರಿಗೆ ತೊಂದರೆ ಇಲ್ಲ. ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಮಾಡಿ ಎಂಎಸ್ಸಿಗೆ ಬಯೋಕೆಮಿಸ್ಟ್ರಿಗೆ ಬಂದವರು ಇಲ್ಲಿ ಕಷ್ಟಪಟ್ಟರು.

ಮೇಡಂ ಬಗ್ಗೆ ನನಗೆ ಜಾಸ್ತಿ ಗೌರವ ಬಂದದ್ದು ಇತಿಹಾಸ ಹೇಳುವಾಗ. ಹೆಸರು, ಇಸವಿ ಸುಮ್ನೆ ಒಪ್ಪಿಸುವುದಿಲ್ಲ. ಆ ಹೊತ್ತಿಗೆ ಯಾವ ಪ್ರಶ್ನೆ ಬಾಕಿ ಇತ್ತು ಅಂತ ಹೇಳಿ ಆಮೇಲೆ ಹೆಸರು ಹೇಳುತ್ತಾರೆ. ಜಪಾನಿನ ತಸುಕು ಹೊಂಜೊ 1978ರಲ್ಲೇ ನಡುವಿನ ಡಿಎನ್‌ಎ ಕಳಚಿಹೋಗುತ್ತದೆ ಅನ್ನುವ ಮಾದರಿ ಮುಂದಿಟ್ಟಿದ್ದರು. ಅದನ್ನು ಮಾಡುವ ಎಂಜೈಮ್ ಯಾವುದು ಅನ್ನುವುದಕ್ಕೆ ಉತ್ತರ ಸಿಗಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯ್ತು. ಅವರದೇ ತಂಡ 1999ರಲ್ಲಿ ಎಐಡಿ ಕಂಡುಹಿಡಿಯಿತು. 2000ದಲ್ಲಿ ಎಐಡಿ ಇಲ್ಲದ ಇಲಿಗಳಲ್ಲೂ ಎಐಡಿ ಕೆಟ್ಟಿರುವ ರೋಗಿಗಳಲ್ಲೂ ಸ್ವಿಚ್ ನಿಂತುಹೋಗುತ್ತದೆ ಅಂತ ಖಚಿತವಾಯಿತು. ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದದ್ದು ಮಾತ್ರ ಇದಕ್ಕಲ್ಲ, ಕ್ಯಾನ್ಸರ್ ಚಿಕಿತ್ಸೆಗೆ ದಾರಿ ಮಾಡಿದ ಪಿಡಿ-1 (ಟಿ ಕೋಶಕ್ಕೆ ಬ್ರೇಕ್ ಹಾಕುವ ಪ್ರೋಟೀನ್) ಕೆಲಸಕ್ಕೆ. ಇದನ್ನು ಕೇಳುವ ಪ್ರಶ್ನೆಗಳಲ್ಲಿ ತುಂಬಾ ಜನ ಜಾರುತ್ತಾರೆ.

ಸೈಟೊಕೈನ್ ಕಡೆಯ ಕಥೆ ಇನ್ನೂ ಚೆನ್ನಾಗಿದೆ. 1986ರಲ್ಲಿ ಕಾಫ್‌ಮನ್ ತಂಡ ಇಲಿಯ ಬಿ ಕೋಶಗಳಿಗೆ ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪದರದ ಅಣು) ಜೊತೆ ಇಂಟರ್‌ಲ್ಯೂಕಿನ್-4 ಕೊಟ್ಟರೆ ಐಜಿಇ ಏರುತ್ತದೆ, ಇಂಟರ್‌ಫೆರಾನ್ ಗಾಮಾ ಅದನ್ನು ತಡೆಯುತ್ತದೆ ಅಂತ ತೋರಿಸಿತು. 1987ರಲ್ಲಿ ಸ್ನಾಪರ್ ಮತ್ತು ಪಾಲ್ ಇವೆರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ ಅಂತ ಇನ್ನಷ್ಟು ಬಿಡಿಸಿ ಹೇಳಿದರು. ಮೇಡಂ ಇದನ್ನು ಪ್ರಯೋಗವಾಗಿಯೇ ಬೋರ್ಡ್ ಮೇಲೆ ಮಾಡಿಸಿದರು. ಇಲಿಯ ಗುಲ್ಮದಿಂದ ಬಿ ಕೋಶ ತೆಗೆದಿದ್ದೀರಿ. ಎಲ್‌ಪಿಎಸ್ ಮಾತ್ರ ಹಾಕಿದರೆ ಐಜಿಜಿ3, ಐಜಿಜಿ2ಬಿ. ಜೊತೆಗೆ ಇಂಟರ್‌ಲ್ಯೂಕಿನ್-4 ಹಾಕಿದರೆ ಐಜಿಜಿ1 ಮತ್ತು ಐಜಿಇ. ಇಂಟರ್‌ಫೆರಾನ್ ಗಾಮಾ ಹಾಕಿದರೆ ಐಜಿಜಿ2ಎ. ಕಂಟ್ರೋಲ್ ಯಾವುದು ಇಡುತ್ತೀರಿ, ಸ್ವಿಚ್ ಆದ ಕೋಶಗಳೇ ಬೇಗ ಬೆಳೆದು ಜಾಸ್ತಿ ಆದದ್ದೋ ಅಥವಾ ನಿಜವಾಗಿ ಸ್ವಿಚ್ ಆದದ್ದೋ ಅಂತ ಹೇಗೆ ಬೇರೆ ಮಾಡುತ್ತೀರಿ ಅಂತ ಕೇಳಿದರು. ಅಲ್ಲಿಂದ 1996ರ ಹಾಡ್ಜ್‌ಕಿನ್ ಅವರ ಕೆಲಸಕ್ಕೆ ಬಂದರು. ಬಣ್ಣ ಹಚ್ಚಿದ ಬಿ ಕೋಶ ಒಂದೊಂದು ಸಲ ಒಡೆದಾಗಲೂ ಬಣ್ಣ ಅರ್ಧವಾಗುತ್ತದೆ, ಅದರಿಂದ ಎಷ್ಟು ಸಲ ವಿಭಜನೆಯಾಗಿದೆ ಅಂತ ಗೊತ್ತಾಗುತ್ತದೆ, ಸ್ವಿಚ್ ಆಗುವುದಕ್ಕೂ ವಿಭಜನೆಯ ಎಣಿಕೆಗೂ ನೇರ ಸಂಬಂಧ ಇದೆ. ಐಜಿಇ ಕಡೆ ಹೋಗಲು ಐಜಿಜಿ1ಕ್ಕಿಂತ ಜಾಸ್ತಿ ವಿಭಜನೆ ಬೇಕು. ಲ್ಯಾಬ್ ಇಲ್ಲದ ಮಹಡಿ ಕೋಣೆಯಲ್ಲಿ ಇಷ್ಟು ಪ್ರಯೋಗದ ಯೋಚನೆ ಕಲಿಸಿದ್ದು ದೊಡ್ಡ ಮಾತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೇಸುಗಳನ್ನು ಬಿಡಿಸಿದ ಕ್ಲಾಸ್. ಒಂದು ಗಂಡು ಮಗು, ಪದೇ ಪದೇ ನ್ಯುಮೋನಿಯಾ. ರಿಪೋರ್ಟಿನಲ್ಲಿ ಐಜಿಎಂ ಸರಿಯಾಗಿದೆ ಅಥವಾ ಜಾಸ್ತಿ ಇದೆ, ಐಜಿಜಿ, ಐಜಿಎ ತುಂಬಾ ಕಡಿಮೆ. ಎಲ್ಲಿ ತಪ್ಪಿದೆ, ಹೇಳಿ. ಹೈಪರ್ ಐಜಿಎಂ ಅಂತ ಹೆಸರು ಹೇಳಿದರೆ ಸಾಲದು. ಕೊಂಡಿ ಯಾವುದು ಮುರಿದಿದೆ ಅಂತ ಹೇಳಬೇಕು. ಟಾನ್ಸಿಲ್, ಲಿಂಫ್ ಗ್ರಂಥಿ ಚಿಕ್ಕದಾಗಿದ್ದು ನ್ಯುಮೋಸಿಸ್ಟಿಸ್ ನ್ಯುಮೋನಿಯಾ ಬಂದಿದ್ದರೆ ಟಿ ಕೋಶದ ಸಿಡಿ40 ಲೈಗ್ಯಾಂಡ್ ಮೇಲೆ ಅನುಮಾನ. ಅದರ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ, ಅದಕ್ಕೇ ಗಂಡು ಮಕ್ಕಳಲ್ಲಿ ಜಾಸ್ತಿ. ಈ ಜೀನ್ ಮತ್ತು ಈ ಕಾಯಿಲೆಯ ನಂಟು 1993ರಲ್ಲಿ ಗೊತ್ತಾದದ್ದು. ಸಿಡಿ40 ಸಂಕೇತವೇ ಇಲ್ಲದಿದ್ದರೆ ಜರ್ಮಿನಲ್ ಸೆಂಟರ್ (ಲಿಂಫ್ ಗ್ರಂಥಿಯೊಳಗೆ ಬಿ ಕೋಶಗಳು ಬೆಳೆಯುವ ಜಾಗ) ಕಟ್ಟುವುದೇ ಇಲ್ಲ, ರೋಗಾಣು ನುಂಗುವ ಮ್ಯಾಕ್ರೋಫೇಜ್‌ಗಳಿಗೂ ಟಿ ಕೋಶದ ಮಾತು ಮುಟ್ಟುವುದಿಲ್ಲ. ಅದೇ ಲಿಂಫ್ ಗ್ರಂಥಿಗಳು ಊದಿಕೊಂಡು ದೊಡ್ಡದಾಗಿದ್ದರೆ? ಆಗ ಸಂಕೇತ ಬಂದಿದೆ, ಸೆಂಟರ್ ಕಟ್ಟಿದೆ, ಕೋಶಗಳು ಬೆಳೆಯುತ್ತಲೇ ಇವೆ, ಆದರೆ ಎಐಡಿ ಇಲ್ಲ. ಒಂದೇ ರಕ್ತ ಪರೀಕ್ಷೆಯ ಫಲಿತಾಂಶದ ಹಿಂದೆ ಎರಡು ಬೇರೆ ಕಾರಣ, ಗಂಟಲು ನೋಡಿ ಅನುಮಾನ ಪಡಬಹುದು. ಸಂಕೇತದ ದಾರಿ ಗೊತ್ತಿದ್ದರೆ ಮಾತ್ರ ಇಂಥ ಯೋಚನೆ ಹುಟ್ಟುತ್ತದೆ, ಟೇಬಲ್‌ನಿಂದ ಹುಟ್ಟುವುದಿಲ್ಲ.

ನಮ್ಮ ಬ್ಯಾಚಿನಲ್ಲಿ ಡಯಾಗ್ನಾಸ್ಟಿಕ್ ಲ್ಯಾಬಿನಲ್ಲಿ ಕೆಲಸ ಮಾಡುವ ಟೆಕ್ನಿಷಿಯನ್ ಅಕ್ಕ ಒಬ್ಬರಿದ್ದಾರೆ. ಮಳೆಗಾಲದಲ್ಲಿ ಡೆಂಗ್ಯೂ ಟೆಸ್ಟ್ ಮಾಡಿ ಮಾಡಿ ಸುಸ್ತಾಗುತ್ತೆ ಅನ್ನುತ್ತಿದ್ದರು. ಅವರು ಕೇಳಿದ್ದು, "ಮೇಡಂ, ಕೆಲವರಿಗೆ ಜ್ವರ ಬಂದು ನಾಲ್ಕೈದು ದಿನ ಆಗಿರುತ್ತೆ ಅಷ್ಟೇ, ಐಜಿಜಿ ಇಷ್ಟೊಂದು ಬರುತ್ತೆ, ಐಜಿಎಂ ಇರೋದೇ ಇಲ್ಲ. ಇಷ್ಟು ಬೇಗ ಸ್ವಿಚ್ ಆಗಿಬಿಡುತ್ತಾ?" ಮೇಡಂ ಇದಕ್ಕೆ ಅರ್ಧ ಗಂಟೆ ಕೊಟ್ಟರು. ಮೊದಲ ಸಲ ಡೆಂಗ್ಯೂ ಬಂದವರಲ್ಲಿ ಶುರುವಿನ ದಿನಗಳಲ್ಲಿ ಸಿಗುವುದು ಎನ್‌ಎಸ್1 ಅನ್ನುವ ವೈರಸ್ಸಿನದೇ ಪ್ರೋಟೀನ್, ಆಮೇಲೆ ಐಜಿಎಂ, ಐಜಿಜಿ ತಡವಾಗಿ. ಎರಡನೇ ಸಲದವರಲ್ಲಿ ಐಜಿಜಿ ಬೇಗ ಏರುವುದಕ್ಕೆ ಕಾರಣ ಈಗ ಆಗುತ್ತಿರುವ ಸ್ವಿಚ್ ಅಲ್ಲ. ಹಿಂದಿನ ಸೋಂಕಿನಲ್ಲಿ ಸ್ವಿಚ್ ಆಗಿ ನೆನಪಿನ ಕೋಶಗಳಾಗಿ ಉಳಿದವು ಈಗ ಎದ್ದು ಬರುತ್ತಿವೆ. ಐಜಿಎಂ ಕಡಿಮೆ ಇರಬಹುದು, ಕಾಣದೆಯೂ ಹೋಗಬಹುದು. ಹಾಗಾಗಿ ಐಜಿಎಂ ಇಲ್ಲ ಅಂದ ಮಾತ್ರಕ್ಕೆ ಡೆಂಗ್ಯೂ ಇಲ್ಲ ಅಂತ ರೋಗಿಗೆ ಹೇಳಬೇಡಿ, ಡಾಕ್ಟರ್ ನೋಡಲಿ ಅಂತ ಆ ಅಕ್ಕನಿಗೆ ಹೇಳಿದರು. ದಿನಾ ರಿಪೋರ್ಟ್ ಬರೆಯುವವರಿಗೆ ಇದು ಪರೀಕ್ಷೆಗಿಂತ ದೊಡ್ಡ ಉಪಯೋಗ.

ಲಸಿಕೆಯನ್ನೂ ಇದೇ ದಾರಿಯಲ್ಲಿ ಬಿಡಿಸಿದರು. ನ್ಯುಮೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಮೇಲಿರುವ ಸಕ್ಕರೆ ಹೊದಿಕೆಯನ್ನಷ್ಟೇ ಕೊಟ್ಟರೆ ಎರಡು ವರ್ಷದೊಳಗಿನ ಮಕ್ಕಳಲ್ಲಿ ಒಳ್ಳೆಯ ಉತ್ತರ ಬರುವುದಿಲ್ಲ. ಸಕ್ಕರೆಗೆ ಟಿ ಕೋಶ ಸ್ಪಂದಿಸುವುದಿಲ್ಲ, ಆದ್ದರಿಂದ ಸಿಡಿ40 ಸಹಾಯ ಇಲ್ಲ. ಅದೇ ಸಕ್ಕರೆಯನ್ನು ಒಂದು ಪ್ರೋಟೀನ್‌ಗೆ ಅಂಟಿಸಿ ಕೊಟ್ಟರೆ, ಸಕ್ಕರೆ ಗುರುತಿಸಿದ ಬಿ ಕೋಶ ಪ್ರೋಟೀನನ್ನೂ ಒಳಗೆ ಎಳೆದುಕೊಂಡು, ತುಂಡು ಮಾಡಿ ಟಿ ಕೋಶಕ್ಕೆ ತೋರಿಸುತ್ತದೆ. ಟಿ ಕೋಶ ಬರುತ್ತದೆ, ಸಿಡಿ40 ಮುಟ್ಟುತ್ತದೆ, ಸೈಟೊಕೈನ್ ಕೊಡುತ್ತದೆ, ಸಕ್ಕರೆಯ ವಿರುದ್ಧ ಐಜಿಜಿ ಬರುತ್ತದೆ. 2017ರಿಂದ ನಮ್ಮ ದೇಶದ ಲಸಿಕೆ ಪಟ್ಟಿಗೆ ಹಂತ ಹಂತವಾಗಿ ಸೇರಿದ ನ್ಯುಮೋಕಾಕಸ್ ಲಸಿಕೆ ಪಿಸಿವಿ ಇಂಥದ್ದೇ. ಪಕ್ಕದ ಬೀದಿಯ ಆರೋಗ್ಯ ಕೇಂದ್ರದಲ್ಲಿ ಮಗುವಿಗೆ ಹಾಕುವ ಸೂಜಿಯಲ್ಲಿ ಇಷ್ಟೆಲ್ಲ ಯೋಚನೆ ಇದೆ ಅಂತ ತಿಳಿದಾಗ ನನಗೆ ನಿಜಕ್ಕೂ ಖುಷಿಯಾಯ್ತು.

ಇನ್ನೊಂದು ಮಾತು. ನಿವೃತ್ತರು, ಹಳೆಯ ನೋಟ್ಸ್ ಇಟ್ಟುಕೊಂಡು ಹೇಳುತ್ತಾರೇನೋ ಅಂತ ಕೆಲವರು ಕೇಳಿದ್ದಾರೆ. ಇಲ್ಲ. ಜರ್ಮಿನಲ್ ಸೆಂಟರ್ ಒಳಗೇ ಸ್ವಿಚ್ ಆಗುತ್ತದೆ ಅಂತ ಎಷ್ಟೋ ಚಿತ್ರಗಳಲ್ಲಿ ಈಗಲೂ ಬರೆದಿರುತ್ತಾರೆ. 2019ರಲ್ಲಿ ಬಂದ ಇಲಿಗಳ ಅಧ್ಯಯನ, ಹೆಚ್ಚಿನ ಸ್ವಿಚ್ ಸೆಂಟರ್ ಕಟ್ಟುವುದಕ್ಕೆ ಮೊದಲೇ, ಬಿ ಕೋಶ ಟಿ ಕೋಶವನ್ನು ಮೊದಲು ಭೇಟಿಯಾಗುವ ಹೊತ್ತಿಗೇ ಆಗುತ್ತದೆ, ಸೆಂಟರ್ ಒಳಗೆ ಅದು ಅಪರೂಪ ಅಂತ ತೋರಿಸಿತು. ಮೇಡಂ ಇದನ್ನು ಹೇಳಿ, ಪರೀಕ್ಷೆಯಲ್ಲಿ ಪ್ರಶ್ನೆಯ ಮಾತು ನೋಡಿ ಉತ್ತರ ಬರೆಯಿರಿ, ಆದರೆ ನಿಮ್ಮ ತಲೆಯಲ್ಲಿ ಸರಿಯಾದದ್ದು ಇರಲಿ ಅಂದರು. ಅಲರ್ಜಿ ಬಂದಾಗಲೂ ಹಾಗೆಯೇ. ಒಮಾಲಿಜುಮ್ಯಾಬ್ ಈಗಾಗಲೇ ತಯಾರಾದ ಐಜಿಇಯನ್ನು ಹಿಡಿಯುತ್ತದೆ, ಡುಪಿಲುಮ್ಯಾಬ್ ಇಂಟರ್‌ಲ್ಯೂಕಿನ್-4 ಮತ್ತು 13ರ ಸಂಕೇತವನ್ನೇ ರಿಸೆಪ್ಟರ್ ಹತ್ತಿರ ತಡೆಯುತ್ತದೆ. ಎರಡು ಔಷಧಿ ಒಂದೇ ದಾರಿಯ ಎರಡು ಜಾಗದಲ್ಲಿ ನಿಲ್ಲುತ್ತವೆ, ಎಲ್ಲಿ ನಿಲ್ಲುತ್ತವೆ ಅಂತ ಗುರುತಿಸಿ ಅಂತ ಮನೆಗೆಲಸ ಕೊಟ್ಟರು.

ಇನ್ನು ಕೊರತೆಗಳು.

ಟಿ ಕೋಶದ ಸಹಾಯ ಇಲ್ಲದೆ ಆಗುವ ಸ್ವಿಚ್‌ಗೆ ಸಮಯ ಸಾಲಲಿಲ್ಲ. ಕರುಳಿನಲ್ಲಿ ಬಾಫ್, ಏಪ್ರಿಲ್ ಅನ್ನುವ ಅಣುಗಳು ಬಿ ಕೋಶದ ಟ್ಯಾಸಿ ರಿಸೆಪ್ಟರ್ ಮೂಲಕ ಐಜಿಎ ಕಡೆಗೆ ತಳ್ಳುತ್ತವೆ, ಟೋಲ್ ತರಹದ ರಿಸೆಪ್ಟರ್‌ಗಳೂ ಎಐಡಿ ಆನ್ ಮಾಡಲು ನೆರವಾಗುತ್ತವೆ, ವಿಟಮಿನ್ ಎಯಿಂದ ಬರುವ ರೆಟಿನೋಯಿಕ್ ಆಮ್ಲಕ್ಕೂ ಕರುಳಿನ ಐಜಿಎಯಲ್ಲಿ ಪಾತ್ರ ಇದೆ. ಇಷ್ಟು ಹೇಳಿ ಮುಗಿಸಿಬಿಟ್ಟರು. ಸಿಡಿ40 ಭಾಗದಷ್ಟೇ ಬಿಡಿಸಿ ಇದನ್ನೂ ಹೇಳಬೇಕಿತ್ತು. ನಮ್ಮ ದೇಹದಲ್ಲಿ ದಿನಾ ಅತಿ ಹೆಚ್ಚು ತಯಾರಾಗುವ ಆಂಟಿಬಾಡಿಯೇ ಐಜಿಎ, ಅದಕ್ಕೆ ಇಷ್ಟು ಕಡಿಮೆ ಸಮಯ ಸರಿಯಲ್ಲ. ಮನುಷ್ಯರಲ್ಲಿ ಇಂಟರ್‌ಲ್ಯೂಕಿನ್-21 ಮಾಡುವ ಕೆಲಸ, ಇಂಟರ್‌ಲ್ಯೂಕಿನ್-4 ಜೊತೆ ಇಂಟರ್‌ಲ್ಯೂಕಿನ್-10 ಸೇರಿದಾಗ ಐಜಿಜಿ4 ಯಾಕೆ ಏರುತ್ತದೆ ಅನ್ನುವುದು, ಇವೂ ಓಡಿಸಿದ ಹಾಗೆ ಆಯ್ತು. ಕೇಳಿದ್ದಕ್ಕೆ ಮುಂದಿನ ಬ್ಯಾಚಿಗೆ ಒಂದು ಭಾನುವಾರ ಸೇರಿಸುತ್ತೇನೆ ಅಂದಿದ್ದಾರೆ.

ಪ್ರಶ್ನೆ ಅಭ್ಯಾಸ ಕಡಿಮೆ. ಯೋಚಿಸುವುದನ್ನು ಕಲಿಸುತ್ತಾರೆ, ಆದರೆ ಗಡಿಯಾರ ಇಟ್ಟುಕೊಂಡು ಉತ್ತರ ಬರೆಯುವುದನ್ನು ಕಲಿಸುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ನೀವೇ ಇಟ್ಟುಕೊಂಡು ಮಾಡಬೇಕು. ಫ್ಲೋ ಸೈಟೊಮೆಟ್ರಿ (ಕೋಶಗಳನ್ನು ಒಂದೊಂದಾಗಿ ಅಳೆದು ಎಣಿಸುವ ವಿಧಾನ) ಗ್ರಾಫ್ ಓದುವುದಕ್ಕೂ ಇನ್ನಷ್ಟು ಹೊತ್ತು ಕೊಟ್ಟರೆ ಒಳ್ಳೆಯದು.

ನೋಟ್ಸ್ ಕೈಬರಹದ ಜೆರಾಕ್ಸ್. ಅಕ್ಷರ ಮುತ್ತಿನ ಹಾಗಿದೆ, ಆದರೆ ಜೆರಾಕ್ಸ್‌ನ ಜೆರಾಕ್ಸ್ ಆಗಿ ಕೆಲವು ಪುಟಗಳಲ್ಲಿ ಬಾಣದ ಗುರುತುಗಳೇ ಮಾಸಿಹೋಗಿವೆ. ಸಂಕೇತದ ದಾರಿಯಲ್ಲಿ ಬಾಣವೇ ಮುಖ್ಯ ಅಲ್ವಾ. ಕ್ಲಾಸಿನಲ್ಲಿ ಬೋರ್ಡ್ ನೋಡಿ ನೀವೇ ಬರೆದುಕೊಳ್ಳುವುದು ಒಳ್ಳೆಯದು. ರೆಕಾರ್ಡಿಂಗ್ ಇಲ್ಲ, ಒಂದು ಭಾನುವಾರ ತಪ್ಪಿದರೆ ಗೆಳೆಯರ ನೋಟ್ಸೇ ಗತಿ. ಬೇಸಿಗೆಯಲ್ಲಿ ಮಹಡಿ ಕೋಣೆ ಕಾಯುತ್ತದೆ, ಕರೆಂಟ್ ಹೋದರೆ ಯುಪಿಎಸ್ ಇಲ್ಲ. ಗಾಡಿ ನಿಲ್ಲಿಸಲು ಜಾಗ ಕಡಿಮೆ, ಪಕ್ಕದ ಮನೆಯವರ ಗೇಟಿಗೆ ಅಡ್ಡ ನಿಲ್ಲಿಸಬೇಡಿ.

ಭಾಷೆಯ ಬಗ್ಗೆಯೂ ಹೇಳಬೇಕು. ಹೇಳುವುದೆಲ್ಲ ಕನ್ನಡದಲ್ಲಿ, ಪದಗಳು ಮಾತ್ರ ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಲ್ಲಿ ಧೈರ್ಯವಾಗಿ ಬಾಯಿ ಬಿಟ್ಟು ಕೇಳುತ್ತಾರೆ, ಅದನ್ನು ನೋಡಲಿಕ್ಕೇ ಸಂತೋಷ. ಪಾವಗಡ ಕಡೆಯ ಒಬ್ಬಳು ಮೊದಲ ವಾರಗಳಲ್ಲಿ ಬಾಯಿಯೇ ತೆಗೆಯುತ್ತಿರಲಿಲ್ಲ. ಆಮೇಲೆ ಐಜಿಜಿ1 ಆಗಿ ನಂತರ ಐಜಿಇ ಆದ ಕೋಶಕ್ಕೂ ನೇರ ಐಜಿಇ ಆದ ಕೋಶಕ್ಕೂ ವ್ಯತ್ಯಾಸ ಕಂಡುಹಿಡಿಯುವುದು ಹೇಗೆ ಅಂತ ಕೇಳಿದಳು. ದಾರಿ ನಡುವೆ ಇಳಿದು ಹೋದ ಕೋಶದ ಡಿಎನ್‌ಎಯಲ್ಲಿ ಮ್ಯೂ ಮತ್ತು ಎಪ್ಸಿಲಾನ್ ಸ್ವಿಚ್ ಪ್ರದೇಶಗಳ ನಡುವೆ ಗಾಮಾ1ರ ತುಣುಕು ಉಳಿದಿರುತ್ತದೆ ಅಂತ ಮೇಡಂ ಉತ್ತರಿಸಿ, ಇಂಥ ಪ್ರಶ್ನೆ ಕೇಳುವವರು ಸಂಶೋಧನೆಗೆ ಹೋಗಬೇಕಮ್ಮ ಅಂದರು. ಅವಳು ಈಗ ಗೇಟ್‌ಗೆ ಕೂರುತ್ತಿದ್ದಾಳೆ.

ಯಾರಿಗೆ ಬೇಡ ಅಂದರೆ, ನೀಟ್ ಬರೆಯುವ ಪಿಯುಸಿ ಮಕ್ಕಳಿಗೆ. ಅವರಿಗೆ ಇಷ್ಟು ಆಳ ಬೇಕಿಲ್ಲ, ಸಮಯವೂ ಇರುವುದಿಲ್ಲ. ಎಂಎಸ್ಸಿ ಮೊದಲ ವರ್ಷ ಮುಗಿಸಿದವರಿಗೆ, ಲ್ಯಾಬ್ ಟೆಕ್ನಿಷಿಯನ್‌ಗಳಿಗೆ, ಕಾಲೇಜಿನಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಹೇಳಿ ಮಾಡಿಸಿದ ಹಾಗಿದೆ. ಸೇರುವ ಮೊದಲು ಒಂದು ಭಾನುವಾರ ಸುಮ್ನೆ ಕೂತು ಕೇಳಬಹುದು, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೋಗುವ ಮುಂಚೆ ಡಿಎನ್‌ಎ ರಿಪೇರಿಯ ಅಧ್ಯಾಯ ಒಂದು ಸಲ ಓದಿಕೊಂಡು ಹೋಗಿ, ಅದನ್ನು ಅವರು ಮೊದಲಿನಿಂದ ಹೇಳಿಕೊಡುವುದಿಲ್ಲ. ಶಿರಾ, ಮಧುಗಿರಿ ಕಡೆಯಿಂದ ಬರುವವರು 10ಕ್ಕೆ ಸ್ವಲ್ಪ ಮುಂಚೆಯೇ ತಲುಪುವ ಬಸ್ ಹಿಡಿಯಿರಿ. ಅವರು ಸರಿಯಾದ ಸಮಯಕ್ಕೆ ಶುರು ಮಾಡುತ್ತಾರೆ, ಮೊದಲ ಹತ್ತು ನಿಮಿಷದಲ್ಲಿ ಹಿಂದಿನ ವಾರದ ಪ್ರಶ್ನೆಗಳಿಗೆ ಉತ್ತರ ಹೇಳಿಬಿಡುತ್ತಾರೆ.